ನಲವತ್ತೇಳನೇ ಸೇತುವೆಯ ಮೇಲೊಂದು ಸಾಲು

ಇದು ನಡೆದ ಸಂಗತಿ. ನಂಬದವರು ನೆದರ್ ಸ್ಟಿಬಿಂಗ್‌ಗೆ ಬಂದು ಯಾರನ್ನಾದರೂ ಕೇಳಬಹುದು. ಕೇಳಿದವರೆಲ್ಲ "ಮೊದಲು ನೋಡಿದ್ದು ನಾನೇ" ಎನ್ನುತ್ತಾರೆ, ಅದನ್ನು ಮಾತ್ರ ನಂಬಬೇಡಿ. ಮೊದಲು ನೋಡಿದವನು ದೋಣಿಯ ಸಿಡ್, ಎರಡನೆಯವನು ನಾನು. ಇಡೀ ಪ್ರಸಂಗದಲ್ಲಿ ಲೆಕ್ಕಕ್ಕೆ ಬರುವ ಸುಳ್ಳು ಒಂದೇ ಒಂದು, ಅದನ್ನು ಹೇಳಿದ್ದು ಡೆಸ್ಮಂಡ್ ಪಾರ್ಜಿಟರ್. ಒಂದೇ ಒಂದು ತುಂಟತನವಿದೆ, ಅದನ್ನು ಮಾಡಿದ್ದು ಯಾರೆಂದು ಈಗಲೇ ಹೇಳಿದರೆ ನೀವು ನನ್ನ ಮುಖ ನೋಡುವುದಿಲ್ಲ.

ನಮ್ಮೂರ ಸೇತುವೆಗೆ ಹೆಸರಿಲ್ಲ, ನಂಬರಿದೆ. ನಲವತ್ತೇಳು. ಹಳೆಯ ಕಾಲುವೆಯ ಮೇಲೆ ಇಟ್ಟಿಗೆಯ ಒಂಟಿ ಕಮಾನು, ಒಂಟೆಯ ಬೆನ್ನು. ಆಚೆಯಿಂದ ಹತ್ತುವವನು ಈಚೆಯಿಂದ ಹತ್ತುವವನಿಗೆ ಕಾಣುವುದು ಮೂಗಿಗೆ ಮೂಗು ತಾಗಿದ ಮೇಲೆ. ಎರಡೂ ಪಕ್ಕದಲ್ಲಿ ಸೊಂಟದೆತ್ತರದ ಮೋಟುಗೋಡೆ. ಕಟ್ಟಿದ್ದು ೧೭೯೬ರಲ್ಲಿ, ಕಲ್ಲಿದ್ದಲು ತುಂಬಿದ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದ ಕಾಲದಲ್ಲಿ. ಸರ್ಕಾರದ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಎಂದರೆ, ಅದರ ಒಂದು ಇಟ್ಟಿಗೆಯನ್ನು ನೀವು ಓರೆಗಣ್ಣಿನಿಂದ ನೋಡಿದರೂ ಮೂರು ಇಲಾಖೆಗಳು ನಿಮ್ಮನ್ನು ನೆಟ್ಟಗಣ್ಣಿನಿಂದ ನೋಡುತ್ತವೆ.

ಇಲಾಖೆಗಳಿಗಿಂತ ಹೆಚ್ಚಾಗಿ ನೋಡುತ್ತಿದ್ದವನು ಡೆಸ್ಮಂಡ್. ಬಸ್ ಡಿಪೋದಲ್ಲಿ ಮೂವತ್ತು ವರ್ಷ ವೇಳಾಪಟ್ಟಿ ಬರೆದು ನಿವೃತ್ತನಾದವನು, ಈಗ ಸೇತುವೆ ಸಂರಕ್ಷಣಾ ಸಂಘದ ಅಧ್ಯಕ್ಷ. ಅವನ ದನಿ ನನಗೆ ಚೆನ್ನಾಗಿ ಬರುತ್ತದೆ. ಮೂಗಿನ ಎರಡೂ ಹೊಳ್ಳೆಗಳನ್ನು ಮೆಲ್ಲಗೆ ಒತ್ತಿ ಹಿಡಿದು "ಇದು ಕೇವಲ ಸೇತುವೆಯಲ್ಲ, ಇದು ನಮ್ಮ ನಡತೆ" ಎನ್ನಬೇಕು. ಆರು ಅಡಿಗಿಂತ ಅಗಲದ ಗಾಡಿ ಸೇತುವೆ ಹತ್ತಬಾರದೆಂದು ನಿಯಮ ಮಾಡಿಸಿದವನು ಅವನೇ. ಊರ ಸಭಾಭವನದ ಗೋಡೆಗೆ ಒಂದು ಕಪ್ಪು ಹಲಗೆ ಹೊಡೆಸಿದವನೂ ಅವನೇ. ಸೇತುವೆಗೆ ಗಾಡಿ ತಾಗಿಸಿದವರ ಹೆಸರು ಅದರ ಮೇಲೆ ಬಿಳಿ ಬಣ್ಣದಲ್ಲಿ, ಊರಿಗೆಲ್ಲ ಕಾಣುವಂತೆ. ಒರೆಸುವ ಹಾಗಿಲ್ಲ. ಅದರ ಮೇಲಿದ್ದ ಇಬ್ಬರಲ್ಲಿ ಒಬ್ಬ ಪೀಠೋಪಕರಣದ ಲಾರಿಯವನು. ಇನ್ನೊಬ್ಬ ಸುತ್ತಲ ಹಳ್ಳಿಗಳಿಗೆ ಬ್ರೆಡ್ಡು ತರುತ್ತಿದ್ದವನು. ಹೆಸರು ಹಲಗೆ ಹತ್ತಿದ ಮೇಲೆ ಅವನ ಬ್ರೆಡ್ಡನ್ನು ಊರಿನವರು ಬೆಣ್ಣೆ ಹಚ್ಚಿಕೊಟ್ಟರೂ ಮುಟ್ಟಲಿಲ್ಲ. ಬೇರೆ ಕಡೆ ಹೋಗಿಬಿಟ್ಟ.

೧೯೯೬ರ ಮೇ ತಿಂಗಳ ಒಂದು ಶನಿವಾರ. ಸೇತುವೆಗೆ ಇನ್ನೂರು ವರ್ಷ. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಕಡೆಯ ದೊರೆಸಾನಿ ಲೇಡಿ ವಿನಿಫ್ರೆಡ್ ಕ್ರಾಸ್‌ವೆಲ್ ಬಂದು, ಎಡಗೋಡೆಯ ಮೇಲಿನ ಹಿತ್ತಾಳೆ ಫಲಕದ ಪರದೆಯನ್ನು ಡೆಸ್ಮಂಡನ ಜೊತೆಗೂಡಿ ಎಳೆಯುವುದೆಂದು ನಿಶ್ಚಯವಾಗಿತ್ತು. ಫಲಕದಲ್ಲಿ ಕಾಲುವೆ ಕಟ್ಟಿಸಿದವನ ಹೆಸರು ಸಣ್ಣಕ್ಷರದಲ್ಲಿ, ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿ.

ಏಳು ಗಂಟೆಗೆ ಸಿಡ್ ಟಿಬಿಟ್ ನನ್ನ ಅಡುಗೆಮನೆಯ ಬಾಗಿಲು ಬಡಿದ. ಸಿಡ್ ಕಾಲುವೆಯ ಮೇಲೆ ದೋಣಿಯಲ್ಲೇ ವಾಸ ಮಾಡುವವನು. ನಮ್ಮ ಕಡೆ ಪ್ರೀತಿ ಬಂದರೆ ಎಲ್ಲರನ್ನೂ 'ಬಾತುಕೋಳಿ' ಎಂದು ಕರೆಯುವುದು ವಾಡಿಕೆ. ಸಿಡ್‌ಗೆ ಸಿಟ್ಟು ಬಂದರೂ ಅದೇ. ಅವನ ಕೈಯಲ್ಲಿ ಒಂದು ಇಟ್ಟಿಗೆಯಿತ್ತು.

"ಮೇಷ್ಟ್ರೇ, ನನ್ನ ಬಾತುಕೋಳೀ, ಮಲಗಿದ್ದೆ. ಮೇಲಿಂದ ಹದಿನಾಲ್ಕು ಬಿತ್ತು. ನನ್ನ ಹೊಗೆಕೊಳವೆ ಬಾಗಿ ಸಲಾಂ ಹೊಡೀತಿದೆ."

"ಯಾರಪ್ಪಾ ಅದು?"

"ಕಿಟಕಿಯಿಂದ ನೋಡಿದೆ. ಒಂದು ಗಾಲಿಮನೆ. ಕಾರಿನ ಹಿಂದೆ ಕಟ್ಕೊಂಡು ರಜಕ್ಕೆ ಹೋಗ್ತಾರಲ್ಲ, ಆ ಕ್ಯಾರವಾನು. ಸೇತುವೆ ಮೇಲೆ ತಿರುಗೋವಾಗ ಅದರ ಅಂಡು ಗೋಡೆಗೆ ಬಡೀತು. ಡ್ರೈವರ್ರು ಇಳಿದು ನೋಡಿದ, ಟೋಪಿ ತೆಗೆದ, ಹಾಕ್ಕೊಂಡ, ಮತ್ತೆ ತೆಗೆದ."

"ಯಾರು ಅಂತ ಕೇಳಿದೆ ಸಿಡ್."

"ಅಧ್ಯಕ್ಷರು."

ನಾನು ಬಾಯಲ್ಲಿದ್ದ ಚಹಾವನ್ನು ಇಟ್ಟಿಗೆಯ ಮೇಲೆ ಉಗಿದೆ.

ಆಮೇಲೆ ತಿಳಿದದ್ದು ಇಷ್ಟು. ಹೆಂಡತಿ ಮ್ಯೂರಿಯಲ್‌ಗೆ ಹೇಳದೆ ಡೆಸ್ಮಂಡ್ ಹಳೆಯ ಕ್ಯಾರವಾನೊಂದನ್ನು ಕೊಂಡಿದ್ದ. ಅದರ ಅಗಲ ಏಳು ಅಡಿ ಎರಡು ಅಂಗುಲ. ಸೇತುವೆ ಬಿಟ್ಟು ಸುತ್ತಿ ಬಂದರೆ ಒಂಬತ್ತು ಮೈಲಿ. ಊರು ಏಳುವ ಮುಂಚೆ ಒಂದು ನಿಮಿಷದ ಕೆಲಸ ಎಂದುಕೊಂಡ. ಕ್ಯಾರವಾನನ್ನು ಕೊಟ್ಟಿಗೆಯಲ್ಲಿ ಅಡಗಿಸಿ, ಸಮಾರಂಭದ ಸೂಟು ತೊಟ್ಟು, ಸುಣ್ಣದ ಗಾರೆ ಕಲಸಿ ಗೋಡೆ ಕಟ್ಟಿಬಿಡುವ ಅಂದಾಜಿನಲ್ಲಿ ಸೇತುವೆಗೆ ವಾಪಸು ಓಡಿದ. ಅಷ್ಟರಲ್ಲಿ ಇಟ್ಟಿಗೆಗಳು ಸಿಡ್‌ನ ದೋಣಿಯ ಮೇಲಿವೆಯೆಂದು ಹೊಳೆಯಿತು. ಅಷ್ಟರಲ್ಲೇ ನಾಯಿಗಳ ಹಿಂದೆ ಜನ ಬರತೊಡಗಿದರು. ಸೇತುವೆಗೆ ಕಮಾನು ಒಂದು, ಮನುಷ್ಯನಿಗೆ ಮಾನ ಒಂದು. ಕಮಾನನ್ನು ಇಟ್ಟಿಗೆ ಹಿಡಿದಿತ್ತು, ಮಾನವನ್ನು ಡೆಸ್ಮಂಡ್ ಬೆನ್ನಿನಿಂದ ಹಿಡಿದ.

ನಾವು ಹೋದಾಗ ಅವನು ಬಲಗೋಡೆಗೆ ಬೆನ್ನು ಕೊಟ್ಟು, ಮಳೆಕೋಟಿನ ಎರಡೂ ಅಂಚನ್ನು ರೆಕ್ಕೆಯ ಹಾಗೆ ಬಿಡಿಸಿಕೊಂಡು ನಿಂತಿದ್ದ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

"ಏನು ಡೆಸ್ಮಂಡ್, ಇಷ್ಟು ಹೊತ್ತಿಗೇ?" ಎಂದೆ.

"ಗಾಳಿ," ಎಂದ. "ಗಾಳಿ ತಗೋತಿದೀನಿ. ವೈದ್ಯರು ಹೇಳಿದಾರೆ."

"ಬೆನ್ನಿಂದ ತಗೋಬೇಕು ಅಂದ್ರಾ?"

"ಹಾಂ... ಮುಖ್ಯವಾಗಿ ಬೆನ್ನಿಂದ."

ನಾನು ಅಲ್ಲೇ ಹೇಳಿಬಿಡಬಹುದಿತ್ತು. ಇಬ್ಬರು ಮೂವರು ಸೇರಿ ಅರ್ಧ ಗಂಟೆಯಲ್ಲಿ ಇಟ್ಟಿಗೆ ಇಟ್ಟುಬಿಡಬಹುದಿತ್ತು. ಸಜ್ಜನನಾದವನು ಅದನ್ನೇ ಮಾಡುತ್ತಿದ್ದ. ನಾನು ಏನೂ ಹೇಳದೆ, ಎರಡು ಹೆಜ್ಜೆ ಇಳಿದು, ಡೆಸ್ಮಂಡನ ಪಕ್ಕದಲ್ಲಿ, ಗೌರವದ ಅಂತರ ಬಿಟ್ಟು, ಕೈ ಕಟ್ಟಿ ನಿಂತೆ. ಸಿಡ್ ನನ್ನ ಮುಖ ನೋಡಿದ. ನನ್ನ ಪಕ್ಕ ಬಂದು ಅವನೂ ಕೈ ಕಟ್ಟಿ ನಿಂತ. ನಮ್ಮ ಅಪರಾಧ ಇಷ್ಟೇ.

ಬೇರೆ ದೇಶಗಳಲ್ಲಿ ಮೂವರು ಸುಮ್ಮನೆ ನಿಂತರೆ ಪೊಲೀಸರು ಬರುತ್ತಾರೆ. ನಮ್ಮಲ್ಲಿ ನಾಲ್ಕನೆಯವರು ಬರುತ್ತಾರೆ. ಬಂದವರು ಪಾದ್ರಿ ಲಯೊನೆಲ್.

"ಕ್ಷಮಿಸಿ, ಇದು ಸಾಲೇನ್ರೀ?"

"ಹೂಂ," ಎಂದ ಸಿಡ್.

"ಓಹೋ," ಎಂದು ಪಾದ್ರಿ ಹಿಂದೆ ನಿಂತರು. ಯಾವುದಕ್ಕೆ ಎಂದು ಕೇಳಲಿಲ್ಲ. ಕೇಳುವುದೆಂದರೆ ಮುಂದಿನವರ ಮೇಲೆ ನಂಬಿಕೆಯಿಲ್ಲವೆಂದು ಅರ್ಥ.

ಎಂಟೂವರೆಗೆ ಹನ್ನೆರಡು ಜನ. ಒಂಬತ್ತಕ್ಕೆ ಮೂವತ್ತು. ಸಾಲು ಸೇತುವೆ ಇಳಿದು ಬ್ರೆಡ್ ಅಂಗಡಿಯ ತಿರುವಿಗೆ ಹೋಯಿತು. ಬಾಲದ ಕಡೆಯಿಂದ ಸುದ್ದಿಗಳು ತಲೆಯ ಕಡೆಗೆ ಹರಿದು ಬಂದವು.

"ಹಣ್ಣಿನ ಕೇಕು ಕೊಡ್ತಾರಂತೆ. ಮನೆಗೆ ಒಂದೇ ಹೋಳು."

"ಕೇಕಲ್ಲ, ದೊರೆಸಾನಿ ಕೈ ಕುಲುಕ್ತಾರಂತೆ. ಕೈಗವಸು ತೆಗೀಬೇಕಂತೆ."

"ನೀರಿಗೆ ಇಳಿಸ್ತಾರೆ ಅಂತ ಯಾರೋ ಅಂದ್ರು."

"ಯಾರನ್ನ?"

"ಗೊತ್ತಿಲ್ಲ. ಈಜು ಬರದವರು ಮುಂಚೆ ಹೇಳಬೇಕಂತೆ."

ಪ್ರತಿ ಸುದ್ದಿಗೂ ಡೆಸ್ಮಂಡನ ಹುಬ್ಬು ಒಂದೊಂದು ದಾರದಷ್ಟು ಮೇಲೇರುತ್ತಿತ್ತು. ನಿಂತಲ್ಲೇ ಕಾಲು ಬದಲಿಸುತ್ತಿದ್ದ, ಗಡಿಯಾರ ನೋಡುತ್ತಿದ್ದ, ಬೆನ್ನಿನ ಹಿಂದೆ ಕೈಯಿಟ್ಟು ತೂತು ತುಂಬಿಕೊಂಡಿತೇ ಎಂದು ತಡವಿ ನೋಡುತ್ತಿದ್ದ. ಒಮ್ಮೆ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದ.

"ಮೇಷ್ಟ್ರೇ, ಇವರೆಲ್ಲ ಯಾಕೆ ನಿಂತಿದಾರೆ?"

"ನೀವು ನಿಂತಿದೀರಲ್ಲ."

"ನಾನು ಹೋಗಿ ಅಂದ್ರೆ ಹೋಗ್ತಾರಾ?"

"ತಲೆಗೆ ನಿಂತವನು ಹೋಗಿ ಅಂದ್ರೆ, ಎಲ್ಲಾ ಅವನೊಬ್ಬನೇ ತಿನ್ನೋಕೆ ನೋಡ್ತಿದಾನೆ ಅಂತಾರೆ."

ಒಂಬತ್ತೂವರೆಗೆ ಗ್ರಾಮಸಭೆಯ ಗುಮಾಸ್ತೆ ಹೇಝಲ್ ಥ್ರಿಪ್ ಬಂದಳು. ಎದೆಗೆ ಕಾಗದ ಸಿಕ್ಕಿಸಿದ ಹಲಗೆ ಒತ್ತಿಕೊಂಡು ನಡೆಯುವ ಹೆಣ್ಣು. ಆಕೆ ಎಂದೂ ಓಡಿದವಳಲ್ಲ, ಅವತ್ತು ಓಡಿದಳು. ತಾನು ಏರ್ಪಡಿಸದ ಸಾಲೊಂದು ಊರಿನಲ್ಲಿರುವುದು ಅವಳ ಹದಿನೆಂಟು ವರ್ಷದ ಸೇವೆಯಲ್ಲಿ ಮೊದಲು.

"ಮಿಸ್ಟರ್ ಪಾರ್ಜಿಟರ್! ಈ ಸಾಲು ಕಾರ್ಯಕ್ರಮ ಪಟ್ಟಿಯಲ್ಲಿಲ್ಲ. ನಿಯಮದ ಪ್ರಕಾರ ಕೇಳ್ತಿದೀನಿ. ಇದು ನಿಮ್ಮ ಸಾಲೇ?"

ಎಂಬತ್ತು ಜೊತೆ ಕಣ್ಣು ಡೆಸ್ಮಂಡನ ಮೇಲೆ ಬಿದ್ದವು. ಅಲ್ಲ ಎಂದರೆ, ಹಾಗಾದರೆ ಇಲ್ಲಿ ನಿಂತಿರುವುದೇಕೆ ಎಂಬ ಪ್ರಶ್ನೆ. ಅವನು ಗಂಟಲು ಸರಿಮಾಡಿಕೊಂಡು ಆ ಒಂದು ಸುಳ್ಳನ್ನು ಹೇಳಿದ.

"ನನ್ನದೇ."

"ಯಾವುದಕ್ಕೆ?"

"ಅದು... ಈಗಲೇ ಹೇಳೋ ಹಾಗಿಲ್ಲ."

ಥ್ರಿಪ್‌ಳ ಮುಖ ಅರಳಿತು. ಹೇಳಬಾರದ ಸಂಗತಿ ಎಂದರೆ ಮೇಲಿನಿಂದ ಬಂದದ್ದೇ ಇರಬೇಕು. ಹತ್ತು ನಿಮಿಷದಲ್ಲಿ 'ಸಾಲು ಇಲ್ಲಿಂದ' ಎಂಬ ಫಲಕ ಬಾಲದಲ್ಲಿ ಬಂದು ನಿಂತಿತು. ಕೈಗೆ ಚೀಟಿ, ಚೀಟಿಗೆ ನಂಬರು. ಚರ್ಚಿನ ಹೆಂಗಸರು ಚಹಾದ ದೊಡ್ಡ ಪಾತ್ರೆ ತಂದಿಟ್ಟರು. ಚಹಾಕ್ಕೂ ಒಂದು ಸಾಲಾಯಿತು. ಒಂದು ಸಾಲಿನಲ್ಲಿದ್ದವರು ಇನ್ನೊಂದಕ್ಕೆ ಹೋಗಿಬರುವ ತನಕ ಜಾಗ ಕಾಯುವುದಕ್ಕೆ ಥ್ರಿಪ್ ಮತ್ತೊಂದು ಚೀಟಿ ಮಾಡಿದಳು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅವಳು ಮತ್ತೆ ಬಂದಳು.

"ಅಧ್ಯಕ್ಷರೇ, ಆಚೆ ಗೋಡೆಗೆ ಬನ್ನಿ. ಪರದೆ ಹಗ್ಗ ನೀವೇ ಎಳೀಬೇಕು."

"ಇಲ್ಲಿಂದಲೇ ಎಳೀತೀನಿ."

"ಹದಿನೈದು ಅಡಿ ದೂರ ಇದೆ!"

"ಹಗ್ಗ ಉದ್ದ ಮಾಡಿ."

ಸಿಡ್ ತನ್ನ ದೋಣಿಯ ಹಗ್ಗವನ್ನು ಗಂಟು ಹಾಕಿಕೊಟ್ಟ. ಡೆಸ್ಮಂಡ್ ಅದರ ತುದಿ ಹಿಡಿದು, ಗಾಳಕ್ಕೆ ಮೀನು ಬೀಳುವುದನ್ನು ಕಾಯುವವನ ಹಾಗೆ ನಿಂತ. ಈಗ ಬೇಕಾಗಿದ್ದದ್ದು ದೊರೆಸಾನಿಯೊಬ್ಬರೇ.

ದೊರೆಸಾನಿ ಬಂದಿರಲಿಲ್ಲ. ಹನ್ನೊಂದಾಯಿತು, ಹನ್ನೊಂದು ಹತ್ತಾಯಿತು. ಥ್ರಿಪ್ ಕಾಗದದ ಹಲಗೆ ಕಚ್ಚಿಕೊಂಡು ಸಾಲಿನುದ್ದಕ್ಕೂ ಓಡಿದಳು. ಬಾಲದಲ್ಲಿ, ಬ್ರೆಡ್ ಅಂಗಡಿಯನ್ನೂ ದಾಟಿ, ಅಂಚೆ ಡಬ್ಬದ ಪಕ್ಕ ಲೇಡಿ ವಿನಿಫ್ರೆಡ್ ಕೈಯಲ್ಲಿ ನೂರಾ ನಲವತ್ತೊಂದನೆ ನಂಬರಿನ ಚೀಟಿ ಹಿಡಿದು ಹೆಣಿಗೆ ಹಾಕುತ್ತಿದ್ದರು.

"ದೊರೆಸಾನಿಯವರೇ! ನೀವು ಮುಂದೆ ಬರಬೇಕು! ನೀವೇ ಮುಖ್ಯ ಅತಿಥಿ!"

"ಏನಮ್ಮಾ ಹೀಗಂತೀಯ? ಇಷ್ಟು ಜನ ಬೆಳಿಗ್ಗೆಯಿಂದ ನಿಂತಿದಾರೆ, ನಾನು ನುಗ್ಗೋದಾ? ಸತ್ತ ನನ್ನ ತಾಯಿ ಎದ್ದು ಬಂದು ಕಿವಿ ಹಿಂಡ್ತಾಳೆ."

"ನಿಯಮದ ಪ್ರಕಾರ..."

"ನಿಯಮದ ಪ್ರಕಾರ ನೂರಾ ನಲವತ್ತು ಜನ ನನಗಿಂತ ಮುಂದೆ."

ಹೀಗೆ ಲೆಕ್ಕ ತೊಡಕಾಯಿತು. ದೊರೆಸಾನಿ ತಲೆಗೆ ಬರದೆ ಪರದೆ ಏಳದು. ಡೆಸ್ಮಂಡ್ ಕದಲದೆ ಸಾಲು ಕದಲದು. ಸಾಲು ಕದಲದೆ ದೊರೆಸಾನಿ ಬಾರರು. ಹನ್ನೊಂದೂವರೆ ಹೊತ್ತಿಗೆ ಸಾಲಿಗೆ ಕಸಿವಿಸಿ ಹತ್ತಿತು. ನಮ್ಮವರು ಬಯ್ಯುವುದಿಲ್ಲ, ಕೆಮ್ಮುತ್ತಾರೆ. ಮೊದಲು ಪಾದ್ರಿಯದು, ಗೋಪುರದೊಳಗೆ ಪಾರಿವಾಳ ಗುಟುರಿದಂತೆ ಒಂದು. ಅದಕ್ಕೆ ಉತ್ತರವಾಗಿ ಬ್ರೆಡ್ ಅಂಗಡಿಯಿಂದ ಒಣ ಕೆಮ್ಮು ಎರಡು. ಆಮೇಲೆ ಕೆಮ್ಮು ಅಲೆಯಾಗಿ ಸೇತುವೆ ಏರಿ ಇಳಿಯಿತು. ಆ ಕೆಮ್ಮಿಗೆ ಕನ್ನಡದಲ್ಲಿ 'ಏನಯ್ಯಾ, ಇನ್ನೂ ಎಷ್ಟು ಹೊತ್ತು?' ಎಂದು ಅರ್ಥ. ಡೆಸ್ಮಂಡ್ ಮರುಕೆಮ್ಮಲಿಲ್ಲ. ಅವನ ಹಣೆಯಿಂದ ಬೆವರು ಟೈಯ ಗಂಟಿಗೆ ಇಳಿಯುತ್ತಿತ್ತು.

ಆಗ ಮ್ಯೂರಿಯಲ್ ಅವನಿಗೆ ಚಹಾ ತಂದಳು. ಲೋಟ ಅವನ ಕೈಯಿಂದ ಎರಡಡಿ ದೂರದಲ್ಲಿತ್ತು. ಅವನು ಬಗ್ಗಲಿಲ್ಲ, ಕುತ್ತಿಗೆ ಮಾತ್ರ ಚಾಚಿದ.

"ಯಾಕೆ ಡೆಸ್ಮಂಡ್? ಒಂದು ಹೆಜ್ಜೆ ಮುಂದೆ ಬಾ."

"ಆಗಲ್ಲ ಮ್ಯೂರಿಯಲ್."

"ಆಗಲ್ಲ ಅಂದ್ರೆ?"

"ಬೆನ್ನು..." ಎಂದು ಅವನು ಪಿಸುಗುಟ್ಟಿದ. "ಬೆನ್ನು ತೆಗೆಯೋ ಹಾಗಿಲ್ಲ."

ಮೂವತ್ತೆಂಟು ವರ್ಷದ ದಾಂಪತ್ಯ. ಗಂಡನ ಅರ್ಧ ಮಾತನ್ನು ಪೂರ್ತಿ ಮಾಡುವ ಅಭ್ಯಾಸ ಅವಳಿಗೆ.

"ಅಯ್ಯೋ ದೇವರೇ! ಬೆನ್ನು ಹಿಡ್ಕೊಂಡಿದೆ! ನಾಲ್ಕು ತಾಸಿನಿಂದ ನೋವು ತಡ್ಕೊಂಡು ನಿಂತಿದಾನೆ ಪಾಪ, ಸಮಾರಂಭ ಕೆಡಬಾರದು ಅಂತ! ಯಾರಾದ್ರೂ ಬನ್ರೋ!"

"ಇಲ್ಲ, ಇಲ್ಲ, ಚೆನ್ನಾಗಿದೀನಿ!"

"ಹಾಗೇ ಅಂತಾನೆ. ಕಳೆದ ಸಲ ಮಂಡಿ ಮುರಿದಾಗಲೂ ಹಾಗೇ ಅಂದ."

ಸಾಲಿನ ಮನಸ್ಸು ಒಂದೇ ಕ್ಷಣದಲ್ಲಿ ಕರಗಿತು. ಕೆಮ್ಮಿದವರೆಲ್ಲ ನಾಚಿಕೊಂಡರು. ಪಾದ್ರಿ ಲಯೊನೆಲ್ ಅಂಗಿಯ ತೋಳು ಮಡಚಿದರು. ಹಾಲು ಹಂಚುವ ಜಾರ್ವಿಸ್, ದಿನಕ್ಕೆ ಮುನ್ನೂರು ಶೀಸೆ ಎತ್ತುವ ಬಲಶಾಲಿ, ಇನ್ನೊಂದು ಕಡೆ ಬಂದ.

"ಮುಟ್ಟಬೇಡಿ! ಅಧ್ಯಕ್ಷನಾಗಿ ಹೇಳ್ತಿದೀನಿ, ಮುಟ್ಟಬೇಡಿ!"

"ನೋವಲ್ಲಿ ಹಾಗೇ ಮಾತಾಡ್ತಾರೆ," ಎಂದರು ಪಾದ್ರಿ. "ಬೆನ್ನು ನೇರವಾಗೇ ಇರ್ಲಿ ಜಾರ್ವಿಸ್. ಒಂದು, ಎರಡು..."

ಮೂರಕ್ಕೆ ಅಧ್ಯಕ್ಷರು ಅಂಗಡಿಯ ಬೊಂಬೆಯಂತೆ ನಿಂತ ಭಂಗಿಯಲ್ಲೇ ಗಾಳಿಗೆ ಏರಿದರು. ಕೋಟಿನ ರೆಕ್ಕೆ ಎರಡೂ ಬಿಚ್ಚಿಕೊಂಡೇ ಇತ್ತು. ಅವರು ಪಕ್ಕಕ್ಕೆ ಸರಿದಲ್ಲಿ ಇನ್ನೂರು ವರ್ಷದ ಮೋಟುಗೋಡೆಯಲ್ಲಿ ಒಂದು ಹಸುವಿನ ತಲೆಯಷ್ಟು ದೊಡ್ಡ ತೂತು. ತೂತಿನಾಚೆ ಕಾಲುವೆ, ಎರಡು ಬಾತು, ಬಾಗಿದ ಹೊಗೆಕೊಳವೆ.

ತಲೆ ಖಾಲಿಯಾಗಿತ್ತು, ಎಂದರೆ ಸಾಲಿನ ತಲೆ. ಮುಂದಿನ ನಂಬರು ನನ್ನದು. ನಾನು ಹೆಜ್ಜೆಯಿಟ್ಟು, ತೂತಿನಲ್ಲಿ ಬಗ್ಗಿ ನೋಡಿ, "ಹ್ಞೂಂ" ಎಂದು ಆಚೆ ಸರಿದೆ. ಸಿಡ್ ನೋಡಿ "ಹ್ಞೂಂ" ಎಂದ. ಮೂರನೆಯವರು, ನಾಲ್ಕನೆಯವರು. ನಾಲ್ಕು ಗಂಟೆ ನಿಂತಿದ್ದ ಸಾಲು ಕೊನೆಗೂ ಸರಿಯತೊಡಗಿತ್ತು. ಯಾವುದಕ್ಕೆ ನಿಂತಿದ್ದೆವೋ ಅದು ಇದೇ ಇರಬೇಕೆಂದು ಒಬ್ಬೊಬ್ಬರೂ ತೂತಿನಲ್ಲಿ ಇಣುಕಿ, "ಚೆನ್ನಾಗಿದೆ", "ಬಹಳ ಚೆನ್ನಾಗಿದೆ" ಎಂದು ಮುಂದೆ ಹೋದರು. ಒಬ್ಬಾಕೆ "ನಾನಂದುಕೊಂಡದ್ದಕ್ಕಿಂತ ಚಿಕ್ಕದು" ಎಂದಳು.

ನೂರಾ ನಲವತ್ತೊಂದನೆಯವರು ಬಂದರು. ಹೆಣಿಗೆ ಚೀಲವನ್ನು ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು.

"ಇದು ಯಾರ ಕೆಲಸ?"

ಥ್ರಿಪ್‌ಗೆ ಈಗ ಜೀವ ಬಂತು. "ಇನ್ಯಾರದು ದೊರೆಸಾನಿಯವರೇ? ಊರು ಏಳೋ ಮುಂಚೆ ಈ ಸೇತುವೆ ದಾಟೋದು ಹಾಲಿನ ಗಾಡಿ ಒಂದೇ. ಜಾರ್ವಿಸ್, ನಿನ್ನ ಹೆಸರು ಹಲಗೆಗೆ ಹೋಗುತ್ತೆ. ನಿಯಮದ ಪ್ರಕಾರ."

ಜಾರ್ವಿಸ್‌ನ ಮುಖ ಅವನ ಹಾಲಿನ ಬಣ್ಣಕ್ಕೆ ತಿರುಗಿತು. "ನಾನು ತಾಗಿಸಿಲ್ಲ... ತಾಗಿಸಿದ್ರೆ ಗೊತ್ತಾಗ್ತಿರಲಿಲ್ವಾ? ಶೀಸೆ ಸದ್ದಲ್ಲಿ ಕೇಳಿಸಲಿಲ್ವೋ ಏನೋ." ಟೋಪಿ ತಿರುಗಿಸುತ್ತ ಸುತ್ತ ನೋಡಿದ. ನೋಡಿದ ಕಡೆಯೆಲ್ಲ ಅವನು ದಿನವೂ ಹಾಲು ಇಡುವ ಮನೆಗಳ ಜನ, ಒಬ್ಬೊಬ್ಬರಾಗಿ ಕಣ್ಣು ತಪ್ಪಿಸುತ್ತಿದ್ದರು. ಥ್ರಿಪ್ ಆಗಲೇ ಜೇಬಿನಿಂದ ಬಿಳಿ ಬಣ್ಣದ ಕುಂಚ ತೆಗೆದಿದ್ದಳು. ಅವಳ ಜೇಬಿನಲ್ಲಿ ಅದು ಸದಾ ಇರುತ್ತಿತ್ತು.

ನಾನು ಬಾಯಿ ತೆರೆಯಬೇಕೆಂದಿದ್ದೆ. ಡೆಸ್ಮಂಡ್ ಮೊದಲು ತೆರೆದ. ಅವನ ದನಿ ಆಗ ಮೂಗಿನಿಂದ ಬರಲಿಲ್ಲ, ಆದ್ದರಿಂದ ಅದನ್ನು ಅನುಕರಿಸಲು ನನಗೆ ಬರುವುದಿಲ್ಲ.

"ಅವನನ್ನ ಬಿಡಿ. ನಾನು. ಕ್ಯಾರವಾನು. ಏಳಡಿ ಎರಡಂಗುಲ. ನನ್ನ ಹೆಸರು ಬರಿ ಹೇಝಲ್. ಪೂರ್ತಿ ಹೆಸರು. ಅದರ ಮುಂದೆ 'ಅಧ್ಯಕ್ಷ' ಅಂತಾನೂ ಬರಿ."

"ಕ್ಯಾರವಾನಾ?" ಎಂದಳು ಮ್ಯೂರಿಯಲ್.

"ಆಮೇಲೆ ಹೇಳ್ತೀನಿ."

ಲೇಡಿ ವಿನಿಫ್ರೆಡ್ ಸಿಡ್ ಕೋಟಿನ ಜೇಬಿನಿಂದ ತೆಗೆದ ಇಟ್ಟಿಗೆಯನ್ನು ಇಸಿದುಕೊಂಡು ತಿರುಗಿಸಿ ನೋಡಿದರು. ಅದರ ಹೊಟ್ಟೆಯ ತಗ್ಗಿನಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರಿತ್ತು.

"೧೭೯೬ ಅಂತೀರಿ. ಈ ಭಟ್ಟಿ ಶುರುವಾಗಿದ್ದು ನನ್ನ ಮದುವೆ ವರ್ಷ. ಬಂದಿದ್ದೆ ನಾನು, ರಿಬ್ಬನ್ ಕತ್ತರಿಸೋಕೆ. ಈ ಗೋಡೆಗೆ ಇದಕ್ಕೂ ಮುಂಚೆ ಯಾರೋ ಗುದ್ದಿದಾರೆ ಮಿಸ್ಟರ್ ಪಾರ್ಜಿಟರ್. ಇದೇ ಜಾಗಕ್ಕೆ."

ಮ್ಯೂರಿಯಲ್ ಕೆಮ್ಮಿದಳು. ಆ ದಿನದ ಕೆಮ್ಮುಗಳಲ್ಲೆಲ್ಲ ಅದೇ ಚಿಕ್ಕದು.

"ಎಪ್ಪತ್ತೊಂದನೇ ಇಸವಿ," ಎಂದಳು. "ಆ ಹಸಿರು ಕಾರು. ನೀನು ಡಿಪೋಲಿದ್ದೆ. ನನ್ನಣ್ಣ ಬಂದು ಕಟ್ಟಿಕೊಟ್ಟ, ಸಂಜೆಯೊಳಗೆ. ಮಾರನೇ ದಿನ ಹಸಿ ಗಾರೆ ನೋಡಿ ನೀನು ಪತ್ರಿಕೆಗೆ ಕಾಗದ ಬರೆದೆ, 'ಈ ಕಾಡುಮನುಷ್ಯ ಯಾರು?' ಅಂತ. ಎಷ್ಟು ಚೆನ್ನಾಗಿ ಬರ್ದಿದ್ದೆ! ಹೇಗೆ ಹೇಳ್ಲಿ?"

ಡೆಸ್ಮಂಡನ ಬಾಯಿ ತೂತಿನ ಆಕಾರಕ್ಕೆ ಬಂತು.

"ಆ ನೀಲಿ ಇಟ್ಟಿಗೆಗಳು..." ಎಂದರು ಪಾದ್ರಿ, ಸ್ವಲ್ಪ ಮುಂದಿನ ಗೋಡೆ ತೋರಿಸಿ. "ಈಸ್ಟರ್ ಭಾನುವಾರ. ನನಗೆ ತಡವಾಗಿತ್ತು."

"ಅದರಾಚೆ ಕಿತ್ತಳೆ ಬಣ್ಣದ್ದು ನಂದು," ಎಂದರು ದೊರೆಸಾನಿ. "ಕುದುರೆ ಸಾಗಿಸೋ ಗಾಡಿ. ಗಂಡನಿಗೆ ಹಸು ಗುದ್ದಿತು ಅಂದಿದ್ದೆ."

ಎಲ್ಲರೂ ಗೋಡೆ ನೋಡಿದರು. ಕೆಂಪು, ನೀಲಿ, ಕಿತ್ತಳೆ, ಬೂದು, ತೇಪೆ ಹಾಕಿದ ಕಂಬಳಿಯ ಹಾಗೆ. ಒಂದೊಂದು ತೇಪೆಯ ಮುಂದೂ ಒಬ್ಬೊಬ್ಬರು ತಲೆ ತಗ್ಗಿಸಿ ನಿಂತುಕೊಂಡಿದ್ದರು. ಥ್ರಿಪ್ ಕುಂಚವನ್ನು ಜೇಬಿಗೆ ವಾಪಸು ತುರುಕಿ, "ಸೈಕಲ್ಲು, ಒಂದೇ ಇಟ್ಟಿಗೆ, ಅದೂ ಅರ್ಧ" ಎಂದು ನೆಲಕ್ಕೆ ಹೇಳಿದಳು. "ಹಲಗೆ... ಹಲಗೇಲಿ ಜಾಗ ಸಾಲಲ್ಲ, ನಿಯಮದ ಪ್ರಕಾರ."

"ಅದಿರಲಿ," ಎಂದರು ಲೇಡಿ ವಿನಿಫ್ರೆಡ್. "ನನ್ನ ಕಾಲು ಬಿದ್ದುಹೋಗ್ತಿದೆ. ಇಷ್ಟು ಹೊತ್ತು ನಾವೆಲ್ಲ ಯಾವುದಕ್ಕೆ ನಿಂತಿದ್ದು?"

ಬಾಲದವರು ನಡುವಿನವರನ್ನು ನೋಡಿದರು, ನಡುವಿನವರು ಪಾದ್ರಿಯನ್ನು, ಪಾದ್ರಿ ಸಿಡ್‌ನನ್ನು. "ಮೇಷ್ಟ್ರು ನಿಂತ್ರು, ನಾನು ನಿಂತೆ," ಎಂದ ಸಿಡ್.

ನಾನು ಕಾಲುವೆಯ ಆಳವನ್ನು ಮನಸ್ಸಿನಲ್ಲೇ ಅಳೆದೆ. ನಾಲ್ಕಡಿ.

"ಡೆಸ್ಮಂಡ್ ತೂತು ಮುಚ್ಚಿಕೊಂಡು ನಿಂತಿದ್ರು," ಎಂದೆ. "ಗೊತ್ತಿತ್ತು. ಪಕ್ಕದಲ್ಲಿ ನಿಂತ್ರೆ ಏನಾಗುತ್ತೆ ನೋಡೋಣ ಅಂತ ನಿಂತೆ."

"ಅಂದ್ರೆ ಮಜಾಕ್ಕೆ?"

"ಹೂಂ. ಮಜಾಕ್ಕೆ."

ನೂರಾ ನಲವತ್ತೊಂದು ಜನ ಒಟ್ಟಿಗೆ ಉಸಿರೆಳೆದುಕೊಂಡರು. ಜಾರ್ವಿಸ್ ಅಂಗಿಯ ತೋಳು ಮಡಚಿದ. ಆಗ ಡೆಸ್ಮಂಡನ ಮೂಗಿನಿಂದ ಒಂದು ಸದ್ದು ಹೊರಟಿತು, ಒಲೆಯ ಮೇಲಿನ ಕೆಟಲು ಕುದಿಯುವ ಮುಂಚೆ ಮಾಡುವಂಥದು. ಭುಜ ಕುಲುಕಿತು. ಅಳುತ್ತಿದ್ದಾನೆಂದು ಮ್ಯೂರಿಯಲ್ ಕರವಸ್ತ್ರ ತೆಗೆದಳು.

"ಚೀಟಿ!" ಎಂದ ಅವನು, ಉಸಿರು ಸಿಗದೆ. "ದೊರೆಸಾನಿ ಕೈಗೆ... ಚೀಟಿ ಕೊಟ್ಟು... ನೂರಾ ನಲವತ್ತೊಂದು! ಅಯ್ಯಯ್ಯೋ ಮ್ಯೂರಿಯಲ್... ಆ ಕಾಡುಮನುಷ್ಯ... ನೀನಾ!"

ಮೊದಲು ಸಿಡ್ ನಕ್ಕ, ಆಮೇಲೆ ದೊರೆಸಾನಿ, ಆಮೇಲೆ ಸೇತುವೆಯ ಎರಡೂ ಇಳಿಜಾರು. ಎಲ್ಲರಿಗಿಂತ ಮೇಲೆ ಡೆಸ್ಮಂಡನ ನಗು. ನಕ್ಕು ನಕ್ಕು ನಿಲ್ಲಲಾರದೆ ಅವನು ಹಿಂದಕ್ಕೆ ಬಾಗಿ ಗೋಡೆಗೆ ಒರಗಹೋದ.

"ಒರಗಬೇಡೀ!" ಎಂದು ಇಡೀ ಊರು ಒಂದೇ ದನಿಯಲ್ಲಿ ಕೂಗಿತು.

ಕೆಳಗಿನಿಂದ 'ಬುಳುಂ' ಎಂದು ಕೇಳಿಸಿತು. ಹದಿನೈದನೆಯ ಇಟ್ಟಿಗೆ. ಬಾತುಗಳೆರಡೂ ಬಯ್ಯುತ್ತ ಹಾರಿದವು. ಡೆಸ್ಮಂಡ್ ತೂತಿನಲ್ಲಿ ಬಗ್ಗಿ ನೀರಿನ ಉಂಗುರಗಳನ್ನು ನೋಡಿದ, ನಮ್ಮ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ಸೇತುವೆಯ ಬೆನ್ನಿನ ಮೇಲೆ ಸೂಟು ಸಮೇತ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು, ಮೊದಲಿಗಿಂತ ಜೋರಾಗಿ ನಗತೊಡಗಿದ.